ಹುಣಸೆ ಬೀಜದಷ್ಟು ಗಂಟು

ಮಾರ್ಚ್ 3, 2025, ಸೋಮವಾರ

ನನ್ನ ಕತ್ತಿನ ಗಂಟು ಕ್ಯಾನ್ಸರ್ ಅಲ್ಲ. ಕೋಲಾರದ ಆಸ್ಪತ್ರೆಯ ಡಾಕ್ಟರು ಬೆಳಿಗ್ಗೆ 11.20ಕ್ಕೆ ಇದನ್ನು ತಿಳಿಸಿದರು. ಲ್ಯಾಬ್ ವರದಿಯೂ ಅದನ್ನೇ ಹೇಳುತ್ತದೆ. ಎರಡು ಮೂಲಗಳಿಂದ ದೃಢಪಟ್ಟ ಸುದ್ದಿ, ಅಚ್ಚಿಗೆ ಯೋಗ್ಯ.

ಗಂಟಿನ ಅಳತೆ 9 ಮಿ.ಮೀ., ಅಂದರೆ ಹುಣಸೆ ಬೀಜದಷ್ಟು. ಬಲಗಡೆ ಕೆಳದವಡೆಯ ಕೊನೆಯ ಹಲ್ಲು ಕೊಳೆತಿದೆ, ಅದರ ಸೋಂಕಿಗೆ ಕತ್ತಿನ ಗ್ರಂಥಿ ಊದಿಕೊಂಡಿದೆ. ದಿನಕ್ಕೆ ಮೂರರಂತೆ ಏಳು ದಿನ ಮಾತ್ರೆ, ಒಟ್ಟು ಇಪ್ಪತ್ತೊಂದು. "ಮಾತ್ರೆಗೆ ಊತ ಇಳಿಯುತ್ತೆ. ಹಲ್ಲು ಕೀಳಿಸದೆ ಬಿಟ್ರೆ ಮತ್ತೆ ಬರುತ್ತೆ," ಎಂದರು ಡಾಕ್ಟರು. ಹಲ್ಲು ಕೀಳಿಸುವುದಕ್ಕಿಂತ ಕ್ಯಾನ್ಸರೇ ವಾಸಿ ಎಂದು ಅರೆಕ್ಷಣ ಅನಿಸಿತು. ಈ ವಾಕ್ಯವನ್ನು ಹೆಂಡತಿ ಸುನಂದ ಓದಬಾರದು. ವಕ್ಕಲೇರಿಯಲ್ಲಿರುವ ಅವಳ ಶಾಲೆಯ ಗೆಳತಿ ಗಂಗಾಲಕ್ಷ್ಮಿಗೆ ನಿಜವಾಗಿಯೂ ಕ್ಯಾನ್ಸರ್, ಎದೆಯಲ್ಲಿ. ಒಂದು ಕೀಮೊ ಆಗಿದೆ, ಎರಡನೆಯದು ಈ ಬುಧವಾರ.

ಹಿನ್ನೆಲೆ (ಹಿನ್ನೆಲೆಯಿಲ್ಲದ ಸುದ್ದಿಯನ್ನು ನಾನು ಪುಟಕ್ಕೆ ಬಿಡುವುದಿಲ್ಲ, ನನ್ನದೇ ಆದರೂ): ಹೆಸರು ಭೀಮರಾಜ್, ವಯಸ್ಸು 51. ಕೋಲಾರದ ನಾಲ್ಕು ಪುಟದ ದಿನಪತ್ರಿಕೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುವ ಕೆಲಸ. ಕ್ರೈಸ್ತರಾಗಿ ನಮ್ಮದು ಮೂರನೇ ತಲೆಮಾರು. ಪ್ರಾರ್ಥನೆಯ ವಿಭಾಗವನ್ನು ಸುನಂದಳಿಗೆ ವಹಿಸಿದ್ದೇನೆ. ದೇವರ ಬಗ್ಗೆ ನನಗೆ ಆಕ್ಷೇಪಣೆ ಇಲ್ಲ, ನೇರ ಸಂಪರ್ಕವೂ ಇಲ್ಲ. ಹತ್ತು ದಿನದ ಹಿಂದೆ, ಪರೀಕ್ಷೆಗೆಂದು ಕತ್ತಿಗೆ ಸೂಜಿ ಹಾಕಿದ ದಿನ, ಭಯಕ್ಕೆ ಚರ್ಚಿನ ಪ್ರಾರ್ಥನಾ ಪೆಟ್ಟಿಗೆಯಲ್ಲಿ ಒಂದು ಚೀಟಿ ಹಾಕಿದ್ದೆ: "ಕತ್ತಿನಲ್ಲಿ ಗಂಟು. ಪರೀಕ್ಷೆಗೆ ಕಳಿಸಿದ್ದಾರೆ. ಪ್ರಾರ್ಥಿಸಿ." ಅಷ್ಟೇ ಬರೆದದ್ದು.

ನಾಡಿದ್ದು ಬೂದಿ ಬುಧವಾರ, ನಮ್ಮ ವ್ರತಕಾಲದ ಮೊದಲ ದಿನ. ಅಲ್ಲಿಂದ ಈಸ್ಟರ್‌ವರೆಗೆ ಚಹಾ ಮತ್ತು ಮೆಣಸಿನಕಾಯಿ ಬಜ್ಜಿ ಬಿಡುತ್ತೇನೆಂದು ಸುನಂದಳಿಗೆ ಮಾತು ಕೊಟ್ಟೆ.

"ಬಜ್ಜಿ ಬಿಡೋದು ದೊಡ್ಡದಲ್ಲ ಕಣ್ರೀ, ಬೇರೆಯವರ ತಪ್ಪು ಹುಡುಕೋದು ಬಿಡಿ."

"ಅದು ಬಿಟ್ರೆ ಸಂಬಳ ಬರಲ್ಲ," ಎಂದೆ.

ಮಾರ್ಚ್ 5, ಬೂದಿ ಬುಧವಾರ

ನನಗೆ ಕ್ಯಾನ್ಸರ್ ಇತ್ತೆಂದು ಇವತ್ತು ಗೊತ್ತಾಯಿತು. ಮೂಲ: ಚರ್ಚಿನ ವಾಟ್ಸಾಪ್ ಗುಂಪು.

ಗುಂಪನ್ನು ನಡೆಸುವವನು ಗೋಪಿ. ಬಸ್ ನಿಲ್ದಾಣದ ಹಿಂದೆ ಫ್ಲೆಕ್ಸ್ ಬೋರ್ಡ್ ಮುದ್ರಿಸುವ ಅಂಗಡಿ ಇಟ್ಟಿದ್ದಾನೆ, ಆದ್ದರಿಂದ ಅವನಿಗೆ ಸಣ್ಣ ಅಕ್ಷರದಲ್ಲಿ ಏನನ್ನೂ ಹೇಳಲು ಬರುವುದಿಲ್ಲ. ನನ್ನ ಚೀಟಿ ಅವನ ಕೈಯಲ್ಲಿ ಹೀಗಾಗಿತ್ತು: "ಬ್ರದರ್ ಭೀಮರಾಜ್ ಅವರಿಗೆ ಕ್ಯಾನ್ಸರ್!! ಕೊನೆಯ ಹಂತ!! ಎಲ್ಲರೂ ಮೊಣಕಾಲೂರಿ!!" ನಾನು ಆ ಗುಂಪಿನ ಸದ್ದು ಅಡಗಿಸಿಟ್ಟು ಒಂದು ವರ್ಷವಾಯಿತು, ಆದ್ದರಿಂದ ನನ್ನ ಕೊನೆಯ ಹಂತ ನನ್ನ ಗಮನಕ್ಕೆ ಬಂದಿರಲಿಲ್ಲ.

ಸಂಜೆ ಆರಾಧನೆಯಲ್ಲಿ ಹಣೆಗೆ ಬೂದಿ ಹಚ್ಚುತ್ತಾ ಸಭಾಪಾಲಕ ಕದಿರೇಶ್ ಅಯ್ಯನವರು ನನ್ನ ಮುಂದೆ ನಿಂತರು. ಮೂವತ್ತೆಂಟರ ಉತ್ಸಾಹಿ, ಒಳ್ಳೆಯ ಮನುಷ್ಯ, ಮೈಕ್ ಸದಾ ಕಾಲರಿನಲ್ಲೇ ಇರುತ್ತದೆ.

"ರಿಪೋರ್ಟ್ ಏನಾಯ್ತು ಬ್ರದರ್?"

"ನೆಗೆಟಿವ್."

"ನೆಗೆಟಿವ್!" ಎಂದು ಅವರು ಕೂಗಿದರು. ಇನ್ನೂರು ಜನ ಹಲ್ಲೆಲೂಯ ಅಂದರು. ಹಲ್ಲು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನ ಬೆಂಚಿನ ಆವಲಮ್ಮಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡಳು. ವಯಸ್ಸು ಎಂಬತ್ತು. ಕಣ್ಣಲ್ಲಿ ನೀರು. "ನಿನಗೋಸ್ಕರ ಮೂರು ದಿನ ಗಂಜಿ ಕೂಡ ಮುಟ್ಟಲಿಲ್ಲ ಕಣಪ್ಪ, ಭೀಮಾ."

ಮೂರು ದಿನ ಊಟ ಬಿಟ್ಟ ಮುದುಕಿಗೆ, ನೀನು ಬಿಟ್ಟದ್ದು ನನ್ನ ದವಡೆ ಹಲ್ಲಿನ ಸಲುವಾಗಿ ಎಂದು ಹೇಳುವುದು ಹೇಗೆ? ಬಾಯಿ ಮುಚ್ಚಿದೆ. ದಾಖಲೆಗಿರಲಿ: ನಾನು ಸುಳ್ಳು ಹೇಳಲಿಲ್ಲ.

ಮನೆಗೆ ಬರುವಾಗ ಸುನಂದ ಕೇಳಿದಳು: "ಹಲ್ಲು ಅಂತ ಹೇಳಬಾರದಿತ್ತಾ?"

"ಹೇಳೋಕೆ ಬಿಡಲಿಲ್ಲ."

"ಭಾನುವಾರ ಹೇಳಿ."

ಚಹಾ: ಇಲ್ಲ. ಬಜ್ಜಿ: ಇಲ್ಲ.

ಮಾರ್ಚ್ 7, ಶುಕ್ರವಾರ

ಈ ವರ್ಷದ ಮೊದಲ ಪುನರುತ್ಥಾನ ಈಸ್ಟರ್‌ಗೆ ಆರು ವಾರ ಮೊದಲೇ ನಮ್ಮ ಕಚೇರಿಯಲ್ಲಿ ನಡೆಯಿತು.

ನಿನ್ನೆ ಮುಖಪುಟದಲ್ಲಿ ಒಬ್ಬ ಮಾಜಿ ಪಂಚಾಯಿತಿ ಸದಸ್ಯರ ನಿಧನದ ಸುದ್ದಿ ಬಂದಿತ್ತು. ಫೋಟೊ ಮಾತ್ರ ಅವರ ದಾಯಾದಿ ಅಪ್ಪಾಜಪ್ಪನದು. ಇವತ್ತು ಅಪ್ಪಾಜಪ್ಪ ಮಾಲೂರಿನಿಂದ ಬಸ್ಸಿನಲ್ಲಿ ಬಂದು ಸಂಪಾದಕ ಸುಬ್ಬರಾಯಪ್ಪನವರ ಮೇಜಿನ ಮುಂದೆ ಕೂತುಬಿಟ್ಟರು. ಎರಡನೇ ಪುಟದ ಮೂಲೆಯಲ್ಲಿ ತಿದ್ದುಪಡಿ ಹಾಕುತ್ತೇವೆಂದು ಸಂಪಾದಕರು ಸಮಾಧಾನ ಹೇಳಿದರು.

"ಸತ್ತಿದ್ದು ಮುಖಪುಟದಲ್ಲಿ, ಬದುಕೋದು ಮೂಲೇಲಾ? ನಿನ್ನೆ ಬೆಳಿಗ್ಗೆಯಿಂದ ನನ್ನ ಮನೆಗೆ ಮೂರು ಹಾರ ಬಂದಿದೆ ಸ್ವಾಮಿ! ಅದೇ ಪುಟ, ಅಷ್ಟೇ ಅಗಲ. ಇಲ್ಲಾಂದ್ರೆ ನಾನು ಏಳಲ್ಲ."

ಅಪ್ಪಾಜಪ್ಪ ಹೇಳಿದ್ದು ನ್ಯಾಯ ಎಂದು ನಾನೂ ಹೇಳಿದೆ. ನಾಳೆ ಮುಖಪುಟ, ಮೂರು ಕಾಲಂ. ತಿದ್ದುಪಡಿಯ ಒಕ್ಕಣೆ ನನ್ನದೇ. ಆ ಕೆಲಸದಲ್ಲಿ ಈ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮಾರ್ಚ್ 9, ಭಾನುವಾರ

ಚರ್ಚಿನಲ್ಲಿ ಅಯ್ಯನವರ ಪ್ರಸಂಗದ ವಿಷಯ: ಸೈತಾನ ಯೇಸುವಿಗೆ ಒಡ್ಡಿದ ಮೂರು ಶೋಧನೆ, ಅಂದರೆ ಆಮಿಷದ ಪರೀಕ್ಷೆ. ಕಲ್ಲನ್ನು ರೊಟ್ಟಿ ಮಾಡು ಎಂದದ್ದು. ದೇವಾಲಯದ ತುದಿಯಿಂದ ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಎಂದದ್ದು. ಅಡ್ಡಬಿದ್ದರೆ ಲೋಕವೆಲ್ಲ ನಿನ್ನದು ಎಂದದ್ದು. ಮೊದಲನೆಯದು ನನಗೆ ಸಂಬಂಧಿಸಿದ್ದು. ರೊಟ್ಟಿಯ ಜಾಗದಲ್ಲಿ ಬಜ್ಜಿ. ಉಳಿದೆರಡು ದೊಡ್ಡವರ ವಿಷಯ. ಧುಮುಕುವಷ್ಟು ಎತ್ತರದ ಕಟ್ಟಡ ನನ್ನ ಓಡಾಟದಲ್ಲಿ ಇಲ್ಲ.

ಪ್ರಸಂಗದ ನಂತರ ಸಾಕ್ಷಿ ಹೇಳುವ ಸಮಯ, ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುವುದು. ನಮ್ಮಲ್ಲಿ ಒಬ್ಬರಿಗೆ ಮೂರು ನಿಮಿಷ, ಆಮೇಲೆ ಗಂಟೆ ಬಾರಿಸುತ್ತಾರೆ. ಹಲ್ಲಿನ ವಿಷಯ ಹೇಳಬೇಕೆಂದೇ ಎದ್ದೆ. ಆದರೆ ಘಟನೆಯನ್ನು ಕ್ರಮವಾಗಿ ಹೇಳಬೇಕಲ್ಲ. ಭಯದಿಂದ ಶುರು ಮಾಡಿದೆ, ಸೂಜಿ, ಹತ್ತು ದಿನದ ಕಾಯುವಿಕೆ, ಅಡಿಕೆಯಷ್ಟಿದ್ದ ಗಂಟು ದಿನದಿನಕ್ಕೆ ಇಳಿದದ್ದು. ಹಲ್ಲಿಗೆ ಬರುವಷ್ಟರಲ್ಲಿ ಗಂಟೆ ಬಾರಿಸಿದರು. ಗಂಟೆಯ ನಿಯಮ ಮುರಿಯುವುದು ಸರಿಯಲ್ಲ.

ಜನ ಸಾಲುಗಟ್ಟಿ ಕೈ ಕುಲುಕಿದರು. ಇಪ್ಪತ್ತೆರಡು ವರ್ಷದಲ್ಲಿ ನಾನು ತಿದ್ದಿದ ಒಂದು ಸಾಲನ್ನೂ ಯಾರೂ ನನ್ನದೆಂದು ಓದಿಲ್ಲ. ಇದನ್ನು ಸುಮ್ಮನೆ ದಾಖಲಿಸುತ್ತಿದ್ದೇನೆ.

ಬಸ್ ನಿಲ್ದಾಣದಲ್ಲಿ ಬಜ್ಜಿಯ ಬಾಣಲೆ ದಾಟಿ ಬಂದೆ. ಶೋಧನೆ ಜಯಿಸಿದೆ. ಮಾತ್ರೆ ಇನ್ನು ಮೂರು ಬಾಕಿ.

ಮಾರ್ಚ್ 14, ಶುಕ್ರವಾರ

ಗಂಟು ಕೈಗೆ ಸಿಗುತ್ತಿಲ್ಲ. ಹಲ್ಲು ಕೀಳಿಸಲು ಇವತ್ತಿಗೆ ಹೆಸರು ಬರೆಸಿದ್ದೆ, ರದ್ದು ಮಾಡಿಸಿದೆ. ದಂತವೈದ್ಯರ ಕ್ಲಿನಿಕ್ ಇರುವುದು ಗೋಪಿಯ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆನ್ನೆಗೆ ಹತ್ತಿ ಒತ್ತಿಕೊಂಡು ಅವನ ಎದುರಿಗೇ ಮೆಟ್ಟಿಲಿಳಿಯಬೇಕು.

ಎಡಗಡೆ ಅಗಿಯುವುದು ಅಭ್ಯಾಸವಾಗಿದೆ.

ಮಾರ್ಚ್ 23, ಭಾನುವಾರ

ಲಕ್ಕೂರಿನಲ್ಲಿ ಪ್ರಾರ್ಥನಾ ಕೂಟ. ಸುನಂದಳಿಗೆ ತಲೆನೋವು, ಬರಲಿಲ್ಲ. ಹೋದ ಭಾನುವಾರವೂ ತಲೆನೋವಿತ್ತು.

ಶಾಮಿಯಾನದ ತುಂಬ ಜನ. ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದ ಕಾರ್ಖಾನೆಯವರು, ರೇಷ್ಮೆ ಮನೆಗಳ ಹೆಂಗಸರು. ಇಲ್ಲಿ ಗಂಟೆ ಇಲ್ಲ, ಇಪ್ಪತ್ತು ನಿಮಿಷ ಮಾತಾಡಿದೆ. ನಿಂಬೆಹಣ್ಣಿನಷ್ಟಿದ್ದ ಗಂಟಿನ ಅಳತೆಯನ್ನು ಬೆರಳಿನಲ್ಲಿ ತೋರಿಸಿದೆ. ಒಬ್ಬ ಎದ್ದು ಕೇಳಿದ: "ಮಾತ್ರೆ ತಗೊಂಡ್ರಾ ಅಣ್ಣ?"

ಇಂಥ ಪ್ರಶ್ನೆಗೆ ಸಭೆಯೆಲ್ಲ ಒಂದೇ ಉತ್ತರ ಕಾಯುತ್ತಿರುತ್ತದೆ. "ಮಾತ್ರೆ ಮುಟ್ಟಲಿಲ್ಲ," ಎಂದೆ.

ಗೋಪಿ ಎಲ್ಲವನ್ನೂ ವಿಡಿಯೊ ಮಾಡಿಕೊಂಡ. ಮುಳಬಾಗಿಲಿನಲ್ಲಿ ಏಪ್ರಿಲ್ 13ಕ್ಕೆ, ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರದಂದು, ದೊಡ್ಡ ಕೂಟವಿದೆಯಂತೆ. ಮುಖ್ಯ ಸಾಕ್ಷಿ ನನ್ನದು. ಅದರ ಫ್ಲೆಕ್ಸ್‌ನ ಕರಡು ತೋರಿಸಿದ. ನನ್ನ ಎರಡು ಫೋಟೊ, ‘ಮೊದಲು’ ಮತ್ತು ‘ನಂತರ’. ‘ಮೊದಲು’ ಫೋಟೊದಲ್ಲಿ ಕತ್ತಿಗೆ ಒಂದು ಟೊಮೆಟೊ ಅಂಟಿಸಿದ್ದಾನೆ. ಹಣ್ಣು ಕೋಲಾರದ ತಳಿಯೇ. ಎರಡು ಕಾಗುಣಿತದ ತಪ್ಪಿದ್ದವು, ತಿದ್ದಿ ಕೊಟ್ಟೆ.

ಕೂಟದವರು ಚಹಾ ತಂದರು. ನಿರಾಕರಿಸಿದೆ. ನನ್ನ ಸಂಯಮವನ್ನು ಅಯ್ಯನವರು ಎಲ್ಲರ ಮುಂದೆ ಹೊಗಳಿದರು.

ಮಾರ್ಚ್ 26, ಬುಧವಾರ

ವಿಡಿಯೊವನ್ನು 11,400 ಜನ ನೋಡಿದ್ದಾರೆ. ನಮ್ಮ ಪತ್ರಿಕೆಯ ಪ್ರಸಾರ ಆರು ಸಾವಿರ.

ಹಲ್ಲು ಜುಮ್ಮೆನ್ನುತ್ತಿದೆ.

ಮಾರ್ಚ್ 31, ಸೋಮವಾರ

ಗಂಗಾಲಕ್ಷ್ಮಿ ಕೀಮೊ ನಿಲ್ಲಿಸಿದ್ದಾಳೆ. ತಿಳಿಸಿದ್ದು ಅವಳೇ. ಕಾರಣ ನಾನು.

ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಊಟಕ್ಕೆ ವಕ್ಕಲೇರಿಗೆ ಕರೆದಿದ್ದಳು. ಅವಳಿಗೆ ಹುಷಾರಿಲ್ಲದಿದ್ದರೂ ಕರೆಯುವುದು ಬಿಟ್ಟಿಲ್ಲ, ನಲವತ್ತು ವರ್ಷದ ಗೆಳೆತನ. ಸುನಂದ ಹೊರಟಳು, ತಲೆನೋವಿರಲಿಲ್ಲ.

"ರಾಂಡಿ ರಾಂಡಿ, ಭೀಮರಾಜಣ್ಣ! ಇವತ್ತು ನಮ್ಮನೆಗೆ ಸ್ಟಾರ್ ಬಂದಿದ್ದಾರೆ," ಎಂದು ಗಂಗಾಲಕ್ಷ್ಮಿ ತೆಲುಗು ಬೆರೆಸಿ ಸ್ವಾಗತಿಸಿದಳು. ತಲೆಗೆ ಹಳದಿ ಟವಲು ಸುತ್ತಿದ್ದಳು, ಕೂದಲು ಪೂರ್ತಿ ಹೋಗಿದೆ. ಹಟ್ಟಿಯಲ್ಲಿ ನಾಲ್ಕು ಹಸು. ಗಂಡ ಚನ್ನರಾಯಪ್ಪ ಒಲೆಯ ಮುಂದೆ ಕೂತು ಮಟನ್ ತಿರುಗಿಸುತ್ತಿದ್ದ. ನನ್ನನ್ನು ನೋಡಿ ತಲೆ ಎತ್ತಲಿಲ್ಲ.

"ಮೂರನೇದು ಯಾವಾಗ?" ಎಂದು ಸುನಂದ ಕೇಳಿದಳು.

"ಇಪ್ಪತ್ತಾರನೇ ತಾರೀಕಿತ್ತು. ಹೋಗ್ಲಿಲ್ಲ ಕಣೇ."

"ಯಾಕೆ?"

"ಆ ಕೆಂಪು ಬಾಟ್ಲು ಏರಿಸ್ಕೊಂಡು ಬಂದ್ರೆ ಎಂಟು ದಿನ ನೀರೂ ಒಳಗೆ ನಿಲ್ಲಲ್ಲ. ಹಾಲು ಕರೆಯೋಕೆ ಕೈ ಬರಲ್ಲ. ಅಣ್ಣನ ವಿಡಿಯೊ ಎಂಟು ಸಲ ನೋಡ್ದೆ. ನಿಂಬೆಹಣ್ಣಿನಷ್ಟಿದ್ದಿದ್ದು, ಒಂದು ಮಾತ್ರೆ ಮುಟ್ಟದೇನೇ ಹೋಯ್ತಂತೆ. ನಂದು ಎಷ್ಟು ಗೊತ್ತಾ? ಹುಣಸೆ ಬೀಜದಷ್ಟು ಅಂದಿದ್ರು ಡಾಕ್ಟ್ರು, ಮೊದಲು ನೋಡಿದಾಗ."

ಸುನಂದ ತಿರುಗಿ ನನ್ನ ಮುಖ ನೋಡಿದಳು.

"ನಾನು ನಮ್ಮೂರ ಗಂಗಮ್ಮ ದೇವಿಗೂ ಹೇಳ್ಕೊಂಡಿದ್ದೀನಿ, ನಿಮ್ಮ ಯೇಸಪ್ಪನಿಗೂ ಹೇಳ್ಕೊಂಡಿದ್ದೀನಿ. ಇಬ್ರಲ್ಲಿ ಯಾರು ಮೊದಲು ಫೋನ್ ಎತ್ತಿದ್ರೂ ಸರಿ," ಎಂದು ನಕ್ಕಳು. "ಮುಳಬಾಗಿಲಿಗೂ ಬರ್ತೀನಿ. ಅಯ್ಯನವರು ತಲೆ ಮೇಲೆ ಕೈ ಇಡ್ತಾರಂತಲ್ಲ."

ಚನ್ನರಾಯಪ್ಪ ಸೌಟು ಕೆಳಗಿಟ್ಟು ಹೊರಗೆ ಹೋದ.

ಬಸ್ಸಿನಲ್ಲಿ ಸುನಂದ ಹೇಳಿದಳು: "ನೀವು ಹೇಳ್ತೀರೋ, ನಾನು ಹೇಳ್ಲೋ?"

ದೇವಾಲಯದ ತುದಿಯ ಶೋಧನೆ ದೊಡ್ಡವರ ವಿಷಯವೆಂದು ಬರೆದಿದ್ದೆ. ಈಗ ಅಲ್ಲಿ ನಿಂತಿರುವವಳು ಗಂಗಾಲಕ್ಷ್ಮಿ. ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಅವಳಿಗೆ ಹೇಳಿದ್ದು ನಾನು. ಆ ಕಥೆಯಲ್ಲಿ ಹಾಗೆ ಹೇಳಿದವನು ಯಾರೆಂದು ಮತ್ತೆ ನೋಡುವ ಅಗತ್ಯವಿಲ್ಲ.

ಏಪ್ರಿಲ್ 2, ಬುಧವಾರ

ರಜೆ ಹಾಕಿ, ಲ್ಯಾಬ್ ವರದಿ ಹಿಡಿದು, ಸುನಂದಳ ಜೊತೆ ವಕ್ಕಲೇರಿಗೆ ಹೋದೆ. ಗಂಗಾಲಕ್ಷ್ಮಿ ಹುಲ್ಲು ಹಾಕುತ್ತಿದ್ದಳು. ವರದಿಯನ್ನು ಅವಳ ಕೈಗಿಟ್ಟು ಹೇಳಿದೆ: ನನಗೆ ಕ್ಯಾನ್ಸರ್ ಇರಲೇ ಇಲ್ಲ.

ಓದಿದಳು. "ಹೌದಲ್ಲ ಅಣ್ಣ. ಇಲ್ಲ ಅಂತಾನೇ ಬರೆದಿದ್ದಾರೆ. ಯೇಸಪ್ಪ ತೆಗೆದ ಮೇಲೆ ಮಷೀನಿಗೆ ಎಲ್ಲಿ ಸಿಗುತ್ತೆ?"

"ಹಲ್ಲು ಕಣಮ್ಮಾ. ಹಲ್ಲು ಕೊಳೆತಿತ್ತು. ಮಾತ್ರೆ ನುಂಗಿದೆ."

"ಗೋಪಿಯಣ್ಣ ನನ್ನನ್ನೂ ಸೇರಿಸ್ಕೊಂಡ ಗುಂಪಿನಲ್ಲಿ ಹಾಕಿದ್ದಾರೆ, ಸಾಕ್ಷಿ ಹೇಳಿದವರ ಮನಸ್ಸಿನಲ್ಲಿ ಸೈತಾನ ಅನುಮಾನ ಹಾಕ್ತಾನಂತೆ. ಪಾಪ, ನಿಮಗೂ ಶುರುವಾಗಿದೆ." ನನ್ನ ಕಡೆ ಕರುಣೆಯಿಂದ ನೋಡಿದಳು. ಸುನಂದ ಹೇಳಿದರೂ ಅಷ್ಟೇ. "ನೀನು ಮೊದಲಿಂದ ಹಿಂಗೇ ಕಣೇ, ಗಂಡನ್ನ ಹೊಗಳಿದ್ರೆ ನಿನಗಾಗಲ್ಲ."

ಎರಡನೇ ಪುಟದ ಮೂಲೆಯ ತಿದ್ದುಪಡಿಯನ್ನು ಯಾರೂ ಓದುವುದಿಲ್ಲ. ಅಪ್ಪಾಜಪ್ಪ ಸರಿ.

ಏಪ್ರಿಲ್ 3, ಗುರುವಾರ

ತಿದ್ದುಪಡಿ ಬರೆಯುವ ಮೊದಲು ಮೂಲ ಪ್ರತಿ ನೋಡುವುದು ಪದ್ಧತಿ. ಮೂಲ ಪ್ರತಿ ಈ ದಿನಚರಿ. ಹಿಂದಿನ ಪುಟಗಳನ್ನು ತಿರುಗಿಸಿದೆ.

ಮಾರ್ಚ್ 3: ಹುಣಸೆ ಬೀಜ. ಮಾರ್ಚ್ 9: ಅಡಿಕೆ. ಮಾರ್ಚ್ 23: ನಿಂಬೆಹಣ್ಣು.

ಸಭೆಯಲ್ಲಿ ಹೆಚ್ಚಿಸಿ ಹೇಳಿದ್ದು ನೆನಪಿದೆ. ಇಲ್ಲಿ ಯಾರಿಗಾಗಿ ಹೆಚ್ಚಿಸಿದೆ? ಇದನ್ನು ಓದುವವನು ನಾನೊಬ್ಬನೇ. ಟೊಮೆಟೊವನ್ನು ನೋಡಿಯೂ ಕಾಗುಣಿತ ತಿದ್ದಿ ಕೊಟ್ಟಿದ್ದೇನೆ.

ಹೆಚ್ಚಿಸದೆ ಬರೆದಿರುವ ಒಂದೇ ಸತ್ಯ, ಬಜ್ಜಿ ತಿನ್ನಲಿಲ್ಲ ಎಂಬುದು.

ಏಪ್ರಿಲ್ 4, ಶುಕ್ರವಾರ

ಅಯ್ಯನವರ ಮನೆಗೆ ಹೋದೆ. "ಅಯ್ಯನವರೇ, ಅದು ಹಲ್ಲು."

"ಯಾವ ಹಲ್ಲು?"

ಬಾಯಿ ತೆರೆದು ತೋರಿಸಿದೆ. ಮೊಬೈಲಿನ ಬೆಳಕು ಹಾಕಿ ಬಗ್ಗಿ ನೋಡಿದರು. "ಅಯ್ಯೋ ದೇವರೇ, ಇದನ್ನ ಇನ್ನೂ ಇಟ್ಕೊಂಡಿದ್ದೀರಾ?"

ಎಲ್ಲ ಹೇಳಿದೆ. ಗಂಗಾಲಕ್ಷ್ಮಿಯ ವಿಷಯಕ್ಕೆ ಬಂದಾಗ ಅವರ ಮುಖ ಬಿಳಚಿಕೊಂಡಿತು. ನಾಟಕವಲ್ಲ. ಆದರೂ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಹಲ್ಲಿನ ಸೋಂಕು ಇಳಿಸಿದ್ದು ಯಾರು ಬ್ರದರ್? ದೇವರೇ ತಾನೇ?"

"ದೇವರು ಇಳಿಸಿದ್ದು ಹುಣಸೆ ಬೀಜದಷ್ಟು. ನಾನು ಹೇಳಿದ್ದು ನಿಂಬೆಹಣ್ಣಿನಷ್ಟು. ಮಧ್ಯದ್ದಕ್ಕೆ ಅವರು ಜವಾಬ್ದಾರರಲ್ಲ."

"ಮುಳಬಾಗಿಲಲ್ಲಿ ನಾಲ್ಕು ಸಾವಿರ ಕುರ್ಚಿ ಹಾಕಿಸ್ತಿದ್ದೀವಿ. ಜನರ ನಂಬಿಕೆ ಒಂದೇ ಸಲಕ್ಕೆ ಬಿದ್ದೋಗುತ್ತೆ. ಈಸ್ಟರ್ ಮುಗೀಲಿ, ಇಬ್ರೂ ಹೋಗಿ ಆ ತಾಯಿಗೆ ನಿಧಾನವಾಗಿ ಹೇಳೋಣ. ನೀವು ವೇದಿಕೆ ಮೇಲೆ ಬರೀ ಕೈ ಎತ್ತಿ, ಸಾಕು. ಸಭೆಯ ಕಾರ್ಯದರ್ಶಿ ಸ್ಥಾನಕ್ಕೂ ನಿಮ್ಮ ಹೆಸರೇ ಎಲ್ಲರ ಬಾಯಲ್ಲಿದೆ."

ಮೂರನೇ ಶೋಧನೆಯಲ್ಲಿ ಸೈತಾನ ಲೋಕವನ್ನೆಲ್ಲ ಕೊಡುತ್ತೇನೆ ಎಂದಿದ್ದ. ನನಗೆ ಕಾರ್ಯದರ್ಶಿ ಸ್ಥಾನ. ನನ್ನ ಅಳತೆ ಅವನಿಗೆ ಸರಿಯಾಗಿ ಗೊತ್ತಿದೆ. ಈಸ್ಟರ್‌ಗೆ ಹದಿನಾರು ದಿನ. ಗಂಗಾಲಕ್ಷ್ಮಿ ಈಗಾಗಲೇ ಒಂಬತ್ತು ದಿನ ತಡ.

ಯೋಚಿಸುತ್ತೇನೆ ಎಂದು ಹೇಳಿ ಬಂದೆ. ಅದೂ ಒಂದು ಸುಳ್ಳೇ. ಯೋಚಿಸಲು ಏನೂ ಉಳಿದಿರಲಿಲ್ಲ, ಧೈರ್ಯ ಇರಲಿಲ್ಲ.

ಏಪ್ರಿಲ್ 8, ಮಂಗಳವಾರ

ಗಂಟು ಮತ್ತೆ ಬಂದಿದೆ. ಅಳತೆ: ಹುಣಸೆ ಬೀಜದಷ್ಟು. ಸುನಂದಳಿಂದ ಮುಟ್ಟಿಸಿ ಖಚಿತಪಡಿಸಿಕೊಂಡೆ.

ಗುಣವಾದವನಿಗೆ ಗಂಟು. ಕಾಲರ್ ಗುಂಡಿ ಹಾಕಿಕೊಂಡು ಕಚೇರಿಗೆ ಹೋದೆ.

ಏಪ್ರಿಲ್ 11, ಶುಕ್ರವಾರ

ಭಾನುವಾರ ತಪ್ಪಿಸಿಕೊಳ್ಳಲು ನಾಲ್ಕು ದಾರಿ ಹುಡುಕಿದೆ. ಜ್ವರ. ಸುಬ್ಬರಾಯಪ್ಪನವರು ರಜೆ ಕೊಡಲಿಲ್ಲ ಎನ್ನುವುದು. ಗಂಟಲು ಕಟ್ಟಿದೆ ಎನ್ನುವುದು. ನಾಲ್ಕನೆಯದು ಅತ್ಯುತ್ತಮ: ಹೋಗಿ, ಕೈ ಎತ್ತಿ, ಬಾಯಿ ಬಿಡದೆ ಇಳಿದು ಬರುವುದು. ತಾಂತ್ರಿಕವಾಗಿ ಹೊಸ ಸುಳ್ಳೇನೂ ಇಲ್ಲ.

ಗಂಗಾಲಕ್ಷ್ಮಿ ಸುನಂದಳಿಗೆ ಫೋನ್ ಮಾಡಿದ್ದಳಂತೆ. ಮುಳಬಾಗಿಲಿಗೆ ಉಡಲು ಹಸಿರು ಸೀರೆಯೋ ನೀಲಿಯೋ ಎಂದು ಕೇಳಲು.

ಇದನ್ನೆಲ್ಲ ನೋಡುತ್ತಾ ಕೂತಿದ್ದೀಯಲ್ಲ ದೇವರೇ, ಎರಡು ವಾಕ್ಯ ಹೇಳುವಷ್ಟು ಹೊತ್ತು ನನ್ನ ಮಂಡಿ ನಡುಗದ ಹಾಗೆ ಹಿಡಿದುಕೋ. ದೂತರನ್ನು ಕಳಿಸುವುದು ಬೇಡ.

ಚಹಾದ ವಿಷಯ ಬರೆಯುವುದು ಮರೆತು ಕೆಲವು ದಿನವಾಯಿತು. ಕುಡಿದಿಲ್ಲ.

ಏಪ್ರಿಲ್ 13, ಗರಿಗಳ ಭಾನುವಾರ

ತಿದ್ದುಪಡಿಯನ್ನು ಇವತ್ತು ಸಂಜೆ 6.40ಕ್ಕೆ ಮುಳಬಾಗಿಲಿನಲ್ಲಿ ಓದಲಾಯಿತು. ಓದಿದವನು ನಾನು. ಸುಮಾರು ಮೂರು ಸಾವಿರ ಜನರಿದ್ದರು. ಗೋಪಿಯ ಲೆಕ್ಕದಲ್ಲಿ ಹತ್ತು ಸಾವಿರ.

ಹೆದ್ದಾರಿ ಬದಿಯ ಮೈದಾನದ ಬಾಗಿಲಲ್ಲಿ ಇಪ್ಪತ್ತಡಿಯ ಫ್ಲೆಕ್ಸ್. ನನ್ನ ಕತ್ತಿನ ಟೊಮೆಟೊ ಒಂದು ಬುಟ್ಟಿಯಷ್ಟಿತ್ತು. ಆಂಧ್ರದ ಕಡೆಯ ಲಾರಿಗಳು ನಿಧಾನ ಮಾಡಿ ನೋಡಿ ಹೋಗುತ್ತಿದ್ದವು. ಗಂಗಾಲಕ್ಷ್ಮಿ ಮೂರನೇ ಸಾಲಿನಲ್ಲಿದ್ದಳು, ಹಸಿರು ಸೀರೆ. ಪಕ್ಕದಲ್ಲಿ ಸುನಂದ, ಅವಳ ಪಕ್ಕದಲ್ಲಿ ಆವಲಮ್ಮಜ್ಜಿ. ಎಲ್ಲರ ಕೈಯಲ್ಲೂ ತೆಂಗಿನ ಗರಿ.

ಹೆಸರು ಕರೆದಾಗ ಹೋದೆ. ಕಾಗದ ತೆಗೆದು ಓದಿದೆ:

"ತಿದ್ದುಪಡಿ. ಮಾರ್ಚ್ 23ರಂದು ಲಕ್ಕೂರಿನಲ್ಲಿ ನಾನು ಹೇಳಿದ ಸಾಕ್ಷಿಯಲ್ಲಿ ತಪ್ಪುಗಳಿವೆ. ನನಗೆ ಕ್ಯಾನ್ಸರ್ ಇರಲಿಲ್ಲ. ಹಲ್ಲು ಕೊಳೆತು ಗ್ರಂಥಿ ಊದಿತ್ತು. ಗಂಟು ನಿಂಬೆಹಣ್ಣಿನಷ್ಟು ಇರಲಿಲ್ಲ, ಹುಣಸೆ ಬೀಜದಷ್ಟಿತ್ತು. ಟೊಮೆಟೊ ಎಂದೂ ಇರಲಿಲ್ಲ. ಮಾತ್ರೆ ಮುಟ್ಟಲಿಲ್ಲ ಎಂದಿದ್ದೆ, ಇಪ್ಪತ್ತೊಂದು ನುಂಗಿದ್ದೇನೆ..."

ಇಲ್ಲಿ ಮೈಕ್ ನಿಂತಿತು. ಗೋಪಿ ಮೈಕಿನ ಪೆಟ್ಟಿಗೆಯ ಹತ್ತಿರವಿದ್ದ. ವೇದಿಕೆಯಲ್ಲಿ ಕದಿರೇಶ್ ಅಯ್ಯನವರು ತಲೆ ತಗ್ಗಿಸಿ ಕೂತಿದ್ದರು. ಎಷ್ಟು ಹೊತ್ತು ಎಂದು ಗಡಿಯಾರ ನೋಡಲಿಲ್ಲ, ಇದೊಂದು ಲೋಪ. ಆಮೇಲೆ ಎದ್ದರು. "ಮೈಕ್ ಹಾಕು ಗೋಪಿ," ಎಂದರು. ಅವನು ಅಲುಗಲಿಲ್ಲ. "ಹಾಕಪ್ಪಾ."

ಮೈಕ್ ಬಂತು. ಓದು ಮುಂದುವರಿಸಿದೆ:

"ಹಲ್ಲು ಕೀಳಿಸದ ಕಾರಣ ಗಂಟು ಮತ್ತೆ ಬಂದಿದೆ. ನನ್ನ ಮಾತು ನಂಬಿ ಯಾರಾದರೂ ಔಷಧಿ ನಿಲ್ಲಿಸಿದ್ದರೆ ನಾಳೆಯೇ ಆಸ್ಪತ್ರೆಗೆ ಹೋಗಿ. ದೇವರನ್ನು ನಂಬಿ, ನನ್ನನ್ನು ನಂಬಬೇಡಿ. ತಪ್ಪು ದೇವರದಲ್ಲ, ವರದಿ ಮಾಡಿದವನದು."

ಕಾಲರ್ ಬಿಚ್ಚಿ ಗಂಟು ತೋರಿಸಿದೆ.

ಮೊದಲು ನಕ್ಕದ್ದು ಆವಲಮ್ಮಜ್ಜಿ. "ಲೇ ಭೀಮಾ! ಹಲ್ಲಿಗಾ ನಾನು ಮೂರು ದಿನ ಗಂಜಿ ಬಿಟ್ಟಿದ್ದು?" ಬೊಚ್ಚು ಬಾಯಿ ತುಂಬ ನಗುತ್ತಿದ್ದಳು. "ಹೋಗ್ಲಿ ಬಿಡು. ಹಲ್ಲು ಕೊಟ್ಟೋನು ಆ ದೇವರೇ, ಅವನು ಹಲ್ಲೂ ನೋಡ್ತಾನೆ!" ಅಲ್ಲಲ್ಲಿ ನಗು ಹಬ್ಬಿತು. ಹಿಂದಿನಿಂದ ಯಾರೋ "ಕಳ್ಳ" ಎಂದರು. ಎರಡೂ ವರದಿಗಳು ಸರಿಯಾಗಿವೆ.

ಗಂಗಾಲಕ್ಷ್ಮಿ ನಗಲಿಲ್ಲ. ಗರಿಯನ್ನು ಕುರ್ಚಿಯ ಮೇಲಿಟ್ಟು ಎದ್ದು ಹೋದಳು. ಬಾಗಿಲವರೆಗೂ ಹಿಂತಿರುಗಿ ನೋಡಲಿಲ್ಲ.

ಮಂಡಿ ನಡುಗಲಿಲ್ಲ. ಇಳಿಯುವಾಗ ನಡುಗಿತು.

ಏಪ್ರಿಲ್ 14, ಸೋಮವಾರ

ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆಯಲಾಗಿದೆ. ಗೋಪಿ ತೆಗೆದ.

ಗಂಗಾಲಕ್ಷ್ಮಿಯ ಫೋನ್ ಬಂದ್. ಚನ್ನರಾಯಪ್ಪ ಎತ್ತುತ್ತಿಲ್ಲ. ಸುನಂದ ಮೂರು ಸಲ ಪ್ರಯತ್ನಿಸಿದಳು. ಆಮೇಲೆ ಬಂದು ನನ್ನ ಪಕ್ಕ ಕೂತು, ಕತ್ತಿನ ಗಂಟಿನ ಮೇಲೆ ಎರಡು ಬೆರಳಿಟ್ಟಳು. ಒಂದು ತಿಂಗಳಿಂದ ಅವಳು ನನ್ನ ಇಷ್ಟು ಹತ್ತಿರ ಕೂತಿರಲಿಲ್ಲ ಎಂಬುದು ಆಗ ಗಮನಕ್ಕೆ ಬಂತು.

ತಿದ್ದುಪಡಿ ಅಚ್ಚಾದ ಮೇಲೆ ಓದುಗ ಏನು ಮಾಡುತ್ತಾನೆಂಬುದು ಪತ್ರಿಕೆಯ ಕೈಯಲ್ಲಿಲ್ಲ. ಗಂಗಾಲಕ್ಷ್ಮಿಯನ್ನು ನೋಡಿಕೋ ದೇವರೇ. ನನ್ನ ಕೈಲಾದಷ್ಟು ಹಾಳು ಮಾಡಿದೆ, ಕೈಲಾದಷ್ಟು ತಿದ್ದಿದೆ. ಉಳಿದ ಪುಟ ನಿನ್ನದು. ಗಂಗಮ್ಮ ಮೊದಲು ಫೋನ್ ಎತ್ತಿದರೂ ನೀನು ಬೇಜಾರು ಮಾಡಿಕೊಳ್ಳುವವನಲ್ಲ ಅಂದುಕೊಂಡಿದ್ದೇನೆ.

ಏಪ್ರಿಲ್ 15, ಮಂಗಳವಾರ

ಗಂಗಾಲಕ್ಷ್ಮಿ ಬೆಳಿಗ್ಗೆ 7.05ಕ್ಕೆ ಫೋನ್ ಮಾಡಿದಳು. ನನ್ನ ಬಾಯಿ ಬಿದ್ದುಹೋಗಲಿ ಎಂದು ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಂದುವರಿಸಿದಳು. ಒಟ್ಟು ಹನ್ನೊಂದು ನಿಮಿಷ. ಆಕ್ಷೇಪಿಸಬಹುದಾದ ಒಂದು ಮಾತೂ ಅದರಲ್ಲಿರಲಿಲ್ಲ.

"ಮೂರು ವಾರ ತಿಂದ್ಯಲ್ಲ ಅಣ್ಣ ನಂದು. ಮೂರು ವಾರ! ಅದು ಒಳಗೆ ಬೆಳ್ದಿದ್ರೆ?"

"ಗೊತ್ತಿಲ್ಲ ಕಣಮ್ಮಾ."

"ನಿಂಗೆ ಗೊತ್ತಿಲ್ಲ ಅನ್ನೋ ಮಾತು ಇವಾಗ ಬಂತಾ ಬಾಯಿಗೆ?" ಹಿಂದೆ ಹಸು ಕೂಗಿದ್ದು ಕೇಳಿಸಿತು. "ನಾಳೆ ಬಾ ಅಂದಿದ್ದಾರೆ. ಆ ಡಾಕ್ಟ್ರಮ್ಮ ಉಗೀತಾರೆ, ನಂಗೊತ್ತು. ನಾನೊಬ್ಬಳೇ ಉಗಿಸ್ಕೊಳಲ್ಲ. ನೀನು ಬಂದು ಪಕ್ಕದಲ್ಲಿ ನಿಲ್ಬೇಕು. ವಿಡಿಯೊದಲ್ಲಿ ನಿಂತಂಗೆ ನೆಟ್ಟಗೆ ನಿಲ್ಬೇಕು."

"ಬರ್ತೀನಿ."

"ಆಮೇಲೆ ನಿನ್ನ ಹಲ್ಲು. ಅದನ್ನ ನನ್ನ ಗಂಡನ ಕಣ್ಣೆದುರಿಗೆ ಕೀಳಿಸ್ಬೇಕು. ಅವನು ಕೇಳಿದ್ದಾನೆ."

ಒಪ್ಪಿದೆ. ಬೇನೆ ಬೆಳೆದಿದೆಯೋ ಇಲ್ಲವೋ ಹೊಸ ಸ್ಕ್ಯಾನ್ ಆಗುವವರೆಗೆ ಯಾರಿಗೂ ತಿಳಿಯುವುದಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಂಡೆ. ಅವಳಿಗಾಗಿ ದೇವರಲ್ಲಿ ಹೇಳಿಕೊಂಡೆ. ಸುನಂದ ಬೇರೆ ಹೇಳಿಕೊಂಡಳು.

ನಾಳೆ, ಏಪ್ರಿಲ್ 16, ಬುಧವಾರ. ಬೆಳಿಗ್ಗೆ 9.30ಕ್ಕೆ ಕೋಲಾರದ ಆಸ್ಪತ್ರೆಯಲ್ಲಿ ಗಂಗಾಲಕ್ಷ್ಮಿಯ ರಕ್ತ ಪರೀಕ್ಷೆ, ವರದಿ ಸರಿಯಿದ್ದರೆ ಮೂರನೇ ಕೀಮೊ. ಸಂಜೆ 5ಕ್ಕೆ, ಗೋಪಿಯ ಅಂಗಡಿಯ ಮೇಲಿನ ಮಹಡಿಯಲ್ಲಿ, ಚನ್ನರಾಯಪ್ಪನ ಸಮಕ್ಷಮದಲ್ಲಿ ನನ್ನ ಹಲ್ಲು.